ದುಡಿದ ಪಾನಾಗಳಿಗೆ ಕುಂಕುಮ

ನಮ್ಮವರು ಗಣಿಯ ವರ್ಕ್‌ಶಾಪಿನಿಂದ ನಿವೃತ್ತರಾದ ವರ್ಷ ಆಯುಧ ಪೂಜೆ ಬಂದಾಗ ನಮ್ಮ ಮನೆಯಲ್ಲಿ ಪೂಜೆ ಮಾಡಲು ಆಯುಧವೇ ಇರಲಿಲ್ಲ.

ಅದಕ್ಕೆ ಮೊದಲು ಈ ಕೊರತೆ ಯಾರಿಗೂ ಕಂಡಿರಲಿಲ್ಲ. ದೋಣಿಮಲೈಯಲ್ಲಿ ಇದ್ದಷ್ಟು ಕಾಲ ಅವರ ಪೂಜೆ ವರ್ಕ್‌ಶಾಪಿನಲ್ಲೇ ನಡೆಯುತ್ತಿತ್ತು. ಡಂಪರುಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಮುಂದೆ ಕುಂಬಳಕಾಯಿ ಒಡೆದು, ಮಧ್ಯಾಹ್ನ ಬೂಂದಿ ಪೊಟ್ಟಣ ಹಿಡಿದು ಕ್ವಾರ್ಟರ್ಸಿಗೆ ಬರುತ್ತಿದ್ದರು. ಅಲ್ಲಿನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಉಳಿ ಎಲ್ಲವೂ ಕಂಪನಿಯವು. ನಿವೃತ್ತಿಯ ದಿನ ಒಂದೊಂದನ್ನೂ ಒರೆಸಿ ಒಪ್ಪಿಸಿ ಬಂದರು. ಒಂದು ಸ್ಕ್ರೂಡ್ರೈವರನ್ನಾದರೂ ಮನೆಗೆ ತಂದುಕೊಂಡ ಮನುಷ್ಯರಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಾವು ಕಟ್ಟಿಸಿದ ಮನೆಗೆ ಪಕ್ಕದಲ್ಲೊಂದು ಗ್ಯಾರೇಜು ಇದೆ. ಶಟರ್ ಇದೆ, ಬೆಂಚು ಇದೆ, ದೀಪ ಇದೆ. ಒಳಗೆ ನನ್ನ ಸ್ಕೂಟರ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ದಿನ ಅವರು ಮಡಿಯುಟ್ಟು ತಟ್ಟೆ ಹಿಡಿದುಕೊಂಡು ಸ್ಕೂಟರಿಗೆ ವಿಭೂತಿ ಕುಂಕುಮ ಹಚ್ಚಿದರು. ಈಳಿಗೆ ಮಣೆಗೆ ಹಚ್ಚಿದರು. ನನ್ನ ಹೊಲಿಗೆ ಯಂತ್ರಕ್ಕೆ, ಕತ್ತರಿಗೆ ಹಚ್ಚಿದರು. ತಟ್ಟೆಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಸುತ್ತಲೂ ನೋಡಿದರು, ಹೊರಗೆ ಹೋಗಿ ಗೇಟಿನ ಅಗಳಿಗೂ ಒಂದು ಬೊಟ್ಟು ಇಟ್ಟು ಬಂದರು.

"ಸಾಕಲ್ಲ?" ಎಂದು ನನ್ನನ್ನು ಕೇಳಿದರು.

ನಾನು ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತಳಾದವಳು. ನಸುಕಿನಲ್ಲಿ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ತೆಗೆದ ವಸ್ತುವನ್ನು ತೆಗೆದ ಜಾಗದಲ್ಲೇ ಇಡುವುದು ನನಗೆ ಉಸಿರಾಟದಷ್ಟು ಸಹಜ. ನಿವೃತ್ತಿಯಾದ ಮರುದಿನದಿಂದ ನನ್ನ ದಿನಕ್ಕೆ ಹೊಸ ವೇಳಾಪಟ್ಟಿ ತಯಾರಾಗಿತ್ತು. ಅವರದು ತಯಾರಾಗಲಿಲ್ಲ. ಬೆಳಿಗ್ಗೆ ಪೇಪರ್, ಆಮೇಲೆ ಟೀವಿ, ಆಮೇಲೆ ಅದೇ ಪೇಪರ್. ಟೀವಿಯ ಎದುರಿಗೆ ಕೂತ ಅವರ ಕೈ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು, ಎಲ್ಲಾದರೂ ಒಂದು ಸ್ಕ್ರೂ ಸಿಕ್ಕೀತೇನೋ ಎನ್ನುವ ಹಾಗೆ. ಈ ಕೈಗಳಿಗೆ ಕೆಲಸ ಸಿಗದಿದ್ದರೆ ಮನುಷ್ಯ ಕುರ್ಚಿಯಲ್ಲೇ ಮುದುಕನಾಗುತ್ತಾನೆ ಎಂಬ ಭಯ ನನ್ನೊಳಗೆ ಕೂತಿತು. ಗೇಟಿನ ಅಗಳಿಯ ಬೊಟ್ಟು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಹಬ್ಬ ಮುಗಿದ ವಾರದಲ್ಲೇ ಬಸ್‌ಸ್ಟ್ಯಾಂಡ್ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಒಬ್ಬಳೇ ಹೋದೆ. ಕ್ರೀಡಾ ಸಾಮಗ್ರಿ ಕೊಂಡು ಅಭ್ಯಾಸವಾದವಳು, ಹಾಗಾಗಿ ಸೆಟ್ಟಿನ ಲೆಕ್ಕದಲ್ಲೇ ಕೊಂಡೆ. ರಿಂಗ್ ಪಾನಾ ಒಂದು ಸೆಟ್, ಬಾಯಿ ಪಾನಾ ಒಂದು ಸೆಟ್, ಸ್ಕ್ರೂಡ್ರೈವರ್, ಇಕ್ಕಳ, ಸುತ್ತಿಗೆ, ಗರಗಸ. ಎಲ್ಲವೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಯಜಮಾನರು ಬರಲಿಲ್ಲೇನ್ರಿ ಅಮ್ಮಾ?" ಎಂದು ಅಂಗಡಿಯವನು ಕೇಳಿದ.

"ಅವರಿಗೆ ಹೇಳಿಲ್ಲ. ಪ್ಯಾಕ್ ಮಾಡು."

"ಸೀರಿ ತಗಂಡ್ಹೋಗಿ ಖುಷಿ ಮಾಡಾರನ್ನ ನೋಡೀನಿ, ಪಾನಾ ತಗಂಡ್ಹೋಗಾರನ್ನ ಇವತ್ತ ನೋಡಿದ್ದು."

ಮನೆಗೆ ತಂದು ಗ್ಯಾರೇಜಿನ ಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆಸಿದೆ. ಪ್ರತಿಯೊಂದು ಉಪಕರಣವನ್ನೂ ಹಲಗೆಯ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಆಕಾರಕ್ಕೆ ಕಪ್ಪು ಬಣ್ಣ ಹಚ್ಚಿ, ಮೇಲೆ ಮೊಳೆ ಬಡಿದೆ. ಶಾಲೆಯ ಸಾಮಗ್ರಿ ಕೋಣೆಯಲ್ಲಿ ಹೀಗೇ ಮಾಡಿದ್ದೆ. ಯಾವುದು ಇಲ್ಲ ಎಂಬುದು ಬಾಗಿಲಲ್ಲಿ ನಿಂತರೂ ತಿಳಿಯಬೇಕು.

ನಮ್ಮವರು ಬಂದು ನೋಡಿದರು. ಒಂದೊಂದರ ಮೇಲೂ ಕೈಯಾಡಿಸಿದರು. ಕೊನೆಗೆ ಅತಿ ಸಣ್ಣ ಪಾನಾ ಒಂದನ್ನು ತೆಗೆದು ಬೆಳಕಿಗೆ ಹಿಡಿದರು.

"ಟೀಚರಮ್ಮಾ, ಇದು ನಟ್ ಬಿಚ್ಚಾಕೋ, ಹಲ್ಲು ಚುಚ್ಚಿಕೊಳ್ಳಾಕೋ?"

ನಕ್ಕರು. ಬಹಳ ದಿನಗಳ ಮೇಲೆ ನಕ್ಕರು. ಅವರು ಹಿಡಿದು ಬಂದದ್ದು ತೋಳುದ್ದದ ಪಾನಾಗಳು. ಡಂಪರಿನ ನಟ್ಟು ತೆಂಗಿನಕಾಯಿಯಷ್ಟು ದೊಡ್ಡದು. ಪಾನಾದ ಹಿಡಿಗೆ ಪೈಪು ತೊಡಿಸಿ, ಇಬ್ಬರು ಜೋತುಬಿದ್ದು ಬಿಗಿ ಮಾಡಬೇಕಂತೆ.

ಮರುದಿನ ಬೆಳಿಗ್ಗೆ ನನ್ನ ಸ್ಕೂಟರಿನ ಇಂಜಿನ್ ಆಯಿಲ್ ಬದಲಿಸಲು ಕೂತರು. ನಾನು ಒಳಗೆ ರೊಟ್ಟಿ ತಟ್ಟುತ್ತಾ ಕಿವಿ ಅತ್ತಲೇ ಇಟ್ಟಿದ್ದೆ. ಹಳೆಯ ಆಯಿಲ್ ಬಸಿದದ್ದಾಯಿತು, ಹೊಸದು ಸುರಿಯುವುದೊಂದು ಬಾಕಿ ಎಂದರು. ಬಸಿಯುವ ತೂತಿನ ಬೋಲ್ಟನ್ನು ವಾಪಸು ಹಾಕಿ ಬಿಗಿ ಮಾಡುವಾಗ ಟಕ್ ಎಂದು ಸಣ್ಣ ಸದ್ದಾಯಿತು. ಹೋಗಿ ನೋಡಿದರೆ ಬೋಲ್ಟಿನ ತಲೆ ಅವರ ಅಂಗೈಯಲ್ಲಿತ್ತು, ಉಳಿದ ಭಾಗ ಇಂಜಿನ್ನಿನೊಳಗೇ ಇತ್ತು. ಡಂಪರಿನ ಬಲ ಸ್ಕೂಟರಿನ ಮೇಲೆ ಬಿದ್ದಿತ್ತು.

ಮೂಲೆಯ ಮೆಕ್ಯಾನಿಕ್ ಹುಡುಗರು ಸ್ಕೂಟರನ್ನು ತಳ್ಳಿಕೊಂಡು ಹೋಗಿ ಸರಿಮಾಡಿ ಕೊಟ್ಟರು. "ಮಾಮಾ, ಗಣಿ ಕೈ ನಿಮ್ದು, ಭಾಳ ಜೋರ್ ಐತಿ," ಎಂದು ಅವರು ಹೊಗಳಿಕೆಯ ದನಿಯಲ್ಲೇ ಹೇಳಿದರು. ನಮ್ಮವರಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ. ಪಾನಾವನ್ನು ಒರೆಸಿ ಅದರ ಕಪ್ಪು ನೆರಳಿನ ಮೇಲೆ ತೂಗುಹಾಕಿ, ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ದೇವರ ಮನೆಯ ಮೊಳೆಗೆ ಸಿಕ್ಕಿಸಿದರು. ನನ್ನ ಸ್ಕೂಟರ್ ಅಂಗಳದಲ್ಲಿ ನಿಲ್ಲತೊಡಗಿತು. ರಿಮೋಟು ಮತ್ತೆ ಕೈಗೆ ಬಂತು.

ಬಿದ್ದ ಮಗುವನ್ನು ತಕ್ಷಣ ಓಡು ಎನ್ನಬಾರದು. ಆದರೆ ಹೊಳೆಯುವ ಅಷ್ಟೂ ಪಾನಾಗಳು ಕತ್ತಲಲ್ಲಿ ನೇತಾಡುತ್ತಿವೆ ಎಂಬುದು ನೆನಪಾದಾಗಲೆಲ್ಲ ದೇವರ ಮನೆಯ ಮೊಳೆಯ ಕಡೆ ಕಣ್ಣು ಹೋಗುತ್ತಿತ್ತು.

ದಾರಿ ತೋರಿಸಿದ್ದು ಕಂಪ್ಲಿ. ಅಲ್ಲಿ ನನ್ನ ತಮ್ಮ ಹೊಳೆದಂಡೆಯಲ್ಲಿ ಬಾಳೆ ಬೆಳೆಯುತ್ತಾನೆ. ಅವನ ಹತ್ತಿರ ಒಂದು ಓಬೀರಾಯನ ಕಾಲದ ಡೀಸೆಲ್ ಪಂಪಿದೆ. ಕರೆಂಟು ಕೈಕೊಟ್ಟಾಗ ಅದೇ ಗತಿ. ಅದು ಹೊಗೆ ಉಗುಳಿ ನಿಂತುಬಿಟ್ಟಿದೆ, ಗುಜರಿಗೆ ಹಾಕುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದ. ಭಾನುವಾರ ಊಟಕ್ಕೆ ಬರುತ್ತೇವೆ ಎಂದೆ. ಪಂಪಿನ ಮಾತನ್ನು ಮನೆಯಲ್ಲಿ ಎತ್ತಲಿಲ್ಲ.

ಊಟವಾದ ಮೇಲೆ ತೋಟ ನೋಡಲು ಹೋದ ನಮ್ಮವರು ಆ ಪಂಪಿನ ಇಂಜಿನ್ನಿನ ಮುಂದೆ ನಿಂತರು. ಒಂದು ನಟ್ಟಿನ ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಇನ್ನೊಂದನ್ನು.

"ಹೆಡ್ ಗ್ಯಾಸ್ಕೆಟ್ ಹೋಗೈತಿ, ಅಷ್ಟೇ. ಇದನ್ನ ಬಿಚ್ಚಿದ ಪುಣ್ಯಾತ್ಮ ಯಾರು? ನಟ್ಟಿನ ಮೂಲಿ ಎಲ್ಲಾ ತಿಂದಾನ."

"ನಾನ ಮಾವ," ಎಂದ ತಮ್ಮ.

"ಯಾವ ಪಾನಾದಾಗ?"

"ಕೈಗೆ ಸಿಕ್ಕಿದ್ರಾಗ."

"ಇದು ಇಂಚಿನ ಅಳತಿ ನಟ್ಟಲೇ. ಈಗಿನ ಎಂಎಂ ಪಾನಾ ಹಾಕಿದ್ರ ದೊಡ್ಡೋರ ಚಪ್ಪಲಿ ಹಾಕ್ಕೊಂಡು ಓಡಿದಂಗ ಆಗತೈತಿ. ಹೊಸಾ ಅಂಗಡ್ಯಾಗ ಇಂಥವು ಸಿಗೋದಿಲ್ಲ."

"ಹಂಗಾರ ಎಲ್ಲಿ ಸಿಗತಾವು?" ಎಂದು ನಾನು ಕೇಳಿದೆ, ನನಗೇನೂ ಆಸಕ್ತಿ ಇಲ್ಲದವಳ ಹಾಗೆ.

ಮರುದಿನ ಅವರೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರ ಹೊರಗಿನ ಗುಜರಿ ಅಂಗಡಿಗೆ ಹೊರಟರು. ತಗಡಿನ ಚಪ್ಪರದ ಕೆಳಗೆ ಹಳೆ ಕಬ್ಬಿಣದ ಗುಡ್ಡ. ಅಂಗಡಿಯ ಯಜಮಾನತಿ ನನ್ನ ವಯಸ್ಸಿನವಳೇ, ಎಲೆಯಡಿಕೆ ಹಾಕಿಕೊಂಡು ತಕ್ಕಡಿಯ ಪಕ್ಕ ಕೂತಿದ್ದಳು.

"ಪಾನಾ ಆ ಮೂಲ್ಯಾಗ ಅದಾವು, ನೋಡ್ಕೊರಿ. ಎಲ್ಲಾ ನಮ್ಮೂರ ಡ್ಯಾಂ ಕಟ್ಟಿದ ಕಾಲದ ಮಾಲು," ಎಂದಳು.

"ಆ ಪ್ಲಾಸ್ಟಿಕ್ ಬಕೆಟ್ಟೂ ಡ್ಯಾಂ ಕಾಲದ್ದೇನು?" ಎಂದೆ.

"ಅದು ಡ್ಯಾಂ ನೋಡಾಕ ಬಂದೋರ ಕಾಲದ್ದು," ಎಂದಳು ತುಸುವೂ ನಗದೆ.

ನಮ್ಮವರು ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದರು. ಹಳೆಯ ಪಾನಾ ಕೊಳ್ಳುವುದು ಹೇಗೆ ಎಂದು ನಾನು ನೋಡಿ ಕಲಿತದ್ದು ಆ ದಿನವೇ. ಮೊದಲು ಬಾಯಿಯ ಎರಡೂ ದವಡೆ ನೋಡುತ್ತಿದ್ದರು, ಅಗಲಿಸಿದ್ದರೆ ಪಕ್ಕಕ್ಕೆ. ಆಮೇಲೆ ಬೆರಳ ತುದಿಯಲ್ಲಿ ತೂಗುಬಿಟ್ಟು ಇನ್ನೊಂದರಿಂದ ಮೆಲ್ಲಗೆ ಬಡಿದು ಕೇಳುತ್ತಿದ್ದರು. ಗಂಟೆಯ ಹಾಗೆ ದನಿ ಎಳೆದರೆ ಗಟ್ಟಿ. ಸದ್ದು ಸತ್ತರೆ ಒಳಗೆಲ್ಲೋ ಬಿರುಕು. ತುಕ್ಕಿಗೆ ಮಾತ್ರ ಹೆದರುತ್ತಿರಲಿಲ್ಲ. ಮೇಲಿನ ತುಕ್ಕು ಸೀಮೆಎಣ್ಣೆಗೆ ಹೋಗುತ್ತದೆ, ಗುಳಿ ಬಿದ್ದ ತುಕ್ಕು ಹೋಗುವುದಿಲ್ಲ ಎಂದರು. ಸುತ್ತಿಗೆಯ ಒಂದು ತಲೆ ಆರಿಸಿದರು, ಹಿಡಿ ತಾವೇ ಕೂರಿಸುತ್ತಾರಂತೆ. ಗುಡ್ಡದ ತಳದಿಂದ ಮೊಳಕೈಯುದ್ದದ ಒಂದು ಪಾನಾ ಎಳೆದರು. ಕರ್ರಗೆ, ಒರಟಾಗಿ, ನಡುವೆ ಯಾರದೋ ಕೈ ಉಜ್ಜಿ ನುಣುಪಾಗಿತ್ತು. ಅದನ್ನು ಹಿಡಿದಾಗ ಅವರ ಭುಜ ತಾನೇ ಇಳಿಯಿತು. ಬಹಳ ದಿನದಿಂದ ಬಿಗಿದುಕೊಂಡಿದ್ದ ಭುಜ ಅದು.

"ಇದನ್ನ ಕೊಡವ್ವಾ," ಎಂದರು.

"ತೂಕಕ್ಕ ಹಾಕ್ಲೋ, ಪ್ರೀತಿಗೆ ಹಾಕ್ಲೋ? ಪ್ರೀತಿಗಾದ್ರ ತುಟ್ಟಿ," ಎಂದಳು ಆಕೆ, ಅವರ ಮುಖ ನೋಡಿ.

"ತೂಕಕ್ಕೇ ಹಾಕು," ಎಂದು ನಾನು ನಡುವೆ ಬಾಯಿ ಹಾಕಿದೆ.

ಆ ವಾರ ದೇವರ ಮನೆಯ ಮೊಳೆಯಿಂದ ಗ್ಯಾರೇಜಿನ ಕೀಲಿ ಕೆಳಗಿಳಿಯಿತು. ಹಳೆಯ ಪಾನಾಗಳು ಸೀಮೆಎಣ್ಣೆಯಲ್ಲಿ ನೆನೆದವು. ಕಂಪ್ಲಿಯ ಪಂಪು ಎರಡನೆಯ ಭಾನುವಾರ ಗುಡುಗುಡು ಎಂದು ಎದ್ದಿತು. ಅದು ಒಂದು ಕೆಲಸ. ಅದು ಮುಗಿದ ಮೇಲೆ ಮತ್ತೇನು ಎಂಬ ಪ್ರಶ್ನೆ ಹಾಗೇ ಇತ್ತು, ಏಕೆಂದರೆ ನಮ್ಮ ಬೀದಿಯಲ್ಲಿ ಇರುವುದೆಲ್ಲ ಸಣ್ಣ ನಟ್ಟಿನ ಯಂತ್ರಗಳೇ. ಮಿಕ್ಸಿ, ಸೈಕಲ್ಲು, ಸ್ಕೂಟರು. ಅವರು ಹೊಳೆಯುವ ಪಾನಾಗಳ ಹತ್ತಿರ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸ್ಕೂಟರಿನ ಕನ್ನಡಿ ಸಡಿಲಾಗಿದೆ ಎಂದೆ. ಅವರು ಅಲ್ಲೇ ನಿಂತರು.

"ಬ್ಯಾಡ. ಮತ್ತ ಮುರೀತೀನಿ."

"ಪಾನಾದ ತುದಿ ಹಿಡೀಬ್ಯಾಡ್ರಿ. ಕುತ್ತಿಗಿ ಹತ್ರ ಹಿಡೀರಿ," ಎಂದೆ. "ಮಕ್ಕಳಿಗೆ ಬ್ಯಾಟ್ ಹಿಡಿಯೋದು ನಾನು ಹಂಗ ಹೇಳಿಕೊಡ್ತಿದ್ದೆ. ತುದಿ ಹಿಡಿದ್ರ ಬ್ಯಾಟು ಅವರನ್ನ ತಿರುಗಸ್ತೈತಿ. ಮ್ಯಾಲ ಸರಿಸಿ ಹಿಡಿದ್ರ ಅವರು ಬ್ಯಾಟನ್ನ ತಿರುಗಸ್ತಾರ."

"ಫಿಟ್ಟರಿಗೆ ಪಾನಾ ಹಿಡಿಯೋದು ಹೇಳಿಕೊಡ್ತೀ?"

"ಡ್ರಿಲ್ಲು ಹೇಳಿಕೊಡ್ತೀನಿ. ಎರಡು ಬೆರಳು, ಹೆಬ್ಬೆರಳು. ಅಂಗೈ ರಜಾದ ಮ್ಯಾಲ."

ಗೊಣಗುತ್ತಾ ಹಿಡಿದರು. ಎರಡು ಬೆರಳಲ್ಲಿ ಎಷ್ಟು ಬಲ ಬರುತ್ತದೋ ಅಷ್ಟೇ ಬಂತು. ಕನ್ನಡಿ ನಿಂತಿತು. ಅವರು ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಮೀಸೆ ತೀಡಿ, ಪಾನಾವನ್ನು ಬೇರೆ ಯಾವುದರದೋ ನೆರಳಿನ ಮೇಲೆ ನೇತುಹಾಕಿ ಒಳಗೆ ಬಂದರು. ಆ ಒಂದು ಸಲ ನಾನು ತಿದ್ದಲಿಲ್ಲ.

ಆಮೇಲೆ ಬೀದಿಯವರು ಬರತೊಡಗಿದರು. ಎದುರು ಮನೆಯ ಮಿಕ್ಸಿ, ಆಟೋದವನ ಸೀಟಿನ ಕೀಲು, ಹೂವಿನವಳ ತಳ್ಳುಗಾಡಿಯ ಗಾಲಿ. ಗ್ಯಾರೇಜಿನ ಬಡಿತದಲ್ಲಿ ನಾನು ಊಟಕ್ಕೆ ಕೂಗಿದರೆ ಕೇಳುತ್ತಿರಲಿಲ್ಲ. ಎರಡು ದಿನ ಸಾರು ಆರಿತು. ಮೂರನೆಯ ದಿನ ಕಪಾಟಿನ ಒಳಗಿನಿಂದ ನನ್ನ ಶಾಲೆಯ ಸೀಟಿಯನ್ನು ತೆಗೆದು, ಹಿತ್ತಿಲ ಬಾಗಿಲಲ್ಲಿ ನಿಂತು ಊದಿದೆ. ಬೀದಿಯ ಮಕ್ಕಳೆಲ್ಲ ಡ್ರಿಲ್ಲಿನ ಸಾವಧಾನದಲ್ಲಿ ನೆಟ್ಟಗೆ ನಿಂತರು. ನಮ್ಮವರು ಕೈ ತೊಳೆದುಕೊಂಡು ಬಂದರು. ಅಂದಿನಿಂದ ಅದೇ ಪದ್ಧತಿಯಾಯಿತು.

ಮತ್ತೆ ಆಯುಧ ಪೂಜೆ ಬಂತು. ಹಿಂದಿನ ದಿನವೇ ಅವರು ಎಲ್ಲವನ್ನೂ ಒರೆಸಿ, ಬೆಂಚಿನ ಮೇಲೆ ಬಿಳಿ ಪಂಚೆ ಹಾಸಿ ಸಾಲಾಗಿ ಜೋಡಿಸಿದರು. ನಡುವೆ ಆ ಕರಿ ಪಾನಾ. ನಾನು ಗಾತ್ರದ ಪ್ರಕಾರ ಜೋಡಿಸಲು ಹೋದರೆ ಕೈ ಅಡ್ಡ ಹಿಡಿದರು. ನೋಡಿದರೆ ನಾನು ತಂದ ಸೆಟ್ಟಿನಲ್ಲಿ ಕೆಲವು ಸಾಲಿನಲ್ಲೇ ಇರಲಿಲ್ಲ.

"ಇವನ್ನ್ಯಾಕ ಬಿಟ್ರಿ?"

"ಅವು ಇನ್ನೂ ದುಡಿದಿಲ್ಲ. ದುಡಿದವಕ್ಕ ವಿಶ್ರಾಂತಿ ಕೊಡೋದಲ್ಲೇನು ಹಬ್ಬ? ವರ್ಕ್‌ಶಾಪಿನಾಗೂ ಹಿಂಗ ಮಾಡ್ತಿದ್ವಿ. ಹೊಸಾವು ಮುಂದಿನ ವರ್ಷ ಬರ್ಲಿ."

ನಾನು ಪ್ರೀತಿಯಿಂದ ಕೊಂಡವು ಎಂದು ಸ್ವಲ್ಪ ಬೇಸರವಾಯಿತು. ಆದರೆ ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದಿತ್ತು, ಅವು ಹಲಗೆಯ ಮೇಲೇ ಇರಲಿ ಎಂದುಕೊಂಡೆ. ಅವರು ವಿಭೂತಿ ಹಚ್ಚುತ್ತಾ ಬಂದು ಸಾಲಿನ ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದ ಮುಂದೆ ನಿಂತರು.

"ಸೀಟಿ ಎಲ್ಲಿ?"

"ಯಾವ ಸೀಟಿ?"

"ಟೀಚರಮ್ಮಂದು. ಈ ವರ್ಷ ಭಾಳ ದುಡಿದೈತಿ ಅದು."

ತಂದುಕೊಟ್ಟೆ. ದಾರವನ್ನು ಸುತ್ತಿ, ಇಕ್ಕಳದ ಪಕ್ಕದಲ್ಲಿಟ್ಟು, ಅದಕ್ಕೂ ಒಂದು ಬೊಟ್ಟು ಇಟ್ಟರು. ತಟ್ಟೆಯ ಕುಂಕುಮ ಅಲ್ಲಿಗೆ ಸರಿಹೋಯಿತು. ಗೇಟಿನ ಅಗಳಿಗೆ ಉಳಿಯಲಿಲ್ಲ.

ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಮಧ್ಯಾಹ್ನ ಹೋಳಿಗೆ ಬಡಿಸಿಟ್ಟು ಊದಲು ಸೀಟಿಯಿಲ್ಲದೆ ನಾನೇ ಗ್ಯಾರೇಜಿಗೆ ನಡೆದೆ. ಅವರು ಬೆಂಚಿನ ಮುಂದೆ ಸ್ಟೂಲಿನ ಮೇಲೆ, ಕೈ ಕಟ್ಟಿಕೊಂಡು, ಸಾಲನ್ನು ನೋಡುತ್ತಾ ಕೂತಿದ್ದರು. ಹೂವಿನವಳು ಮತ್ತೆ ಅದೇ ಗಾಲಿ ಹಿಡಿದು ಬಂದು ಹೋಗಿದ್ದಳಂತೆ.

"ನಾಳೆ ಬಾ ಅಂದೀನಿ," ಎಂದರು. "ನಾಳೆ ಜಲ್ದಿ ಎಬ್ಬಿಸು."