ಮೂಲೆಯ ಪೆಟ್ಟಿಗೆಯ ಸ್ವಿಚ್ಚು

ಸೋಮವಾರ ಸಂಜೆ ನಮ್ಮ ಯಜಮಾನರು ಪುಟ್ಟರಾಜು ನನ್ನ ಕೈಗೆ ಫೋನು ಕೊಟ್ಟರು.

ಬೆಳಕವಾಡಿಯಲ್ಲಿ ಅವರದು ಪಂಪ್‌ಸೆಟ್ ಮೋಟಾರು ರಿಪೇರಿ. ಹೊಳೆಯಲ್ಲಿ ನೀರು ಏರುವ ಸುದ್ದಿ ದಂಡೆಯಲ್ಲಿ ಮೋಟಾರು ಇಟ್ಟವರಿಗೆ ಮೊದಲೇ ಸಿಗಬೇಕು. ಊರಿನ ಗ್ರೂಪಿನಲ್ಲಿ ಶುಭೋದಯದ ಹೂವುಗಳ ನಡುವೆ ಅದು ಕಾಣುತ್ತಿರಲಿಲ್ಲ. ಅದಕ್ಕೇ ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ನಡುಮನೆಯ ಮೂಲೆಯಲ್ಲಿಟ್ಟು, ಸುದ್ದಿಯೆಲ್ಲ ಅದರ ಮೂಲಕವೇ ಹೋಗುವಂತೆ ನಮ್ಮದೇ ಸರ್ವರ್ ಮಾಡಿದರು. ಮಳವಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ಅವರ ತಂಗಿ ವನಜಾ ಹೇಳಿಕೊಟ್ಟಳು. ತಿಂಗಳು ಒದ್ದಾಡಿದ ಮೇಲೆ ಚಾಟಿನ ಪುಟ ಆ ದಿನ ಬ್ರೌಸರಿನಲ್ಲಿ ತೆರೆದುಕೊಂಡಿತು. ಏನೂ ಇಳಿಸಿಕೊಳ್ಳಬೇಕಿಲ್ಲ, ವಿಳಾಸ ಒತ್ತಿದರೆ ಸಾಕು.

“ಏನಾದ್ರೂ ಬರಿಯಲೇ.”

“ನಾನು ಮುಟ್ಟಿ ಕೆಟ್ಟೋದ್ರೆ?”

“ಕೆಡಾಕೆ ಅದೇನು ಹಾಲಾ?”

‘ಉಪ್ಸಾರು’ ಎಂದು ಒತ್ತಿದೆ. ಮೇಲಿನ ದಂಡೆಯಲ್ಲಿ ನೀರು ನೋಡುವ ನಿಂಗಯ್ಯನಿಂದ ಉತ್ತರ ಬಂತು: ‘ನಂಗೂ ಒಂದು ಮುದ್ದೆ ಮಡುಗವ್ವ.’ ಯಜಮಾನರು ಕೆಮ್ಮು ಬರುವಷ್ಟು ನಕ್ಕರು.

ಮಂಗಳವಾರ ಬೆಳಿಗ್ಗೆ ಹೊಳೆಗಿಳಿದು ಪೈಪು ಬಿಚ್ಚಲು ಹೋದರು. ನಾನು ನಡುಮನೆ ಒರೆಸಲು ನಿಂತೆ. ನನ್ನ ಅವ್ವ ಒದ್ದೆ ನೆಲದ ಮೇಲೆ ಕರೆಂಟು ಹೊಡೆದು ಸತ್ತವಳು. ಅಂದಿನಿಂದ ನೆಲಕ್ಕೆ ನೀರು ಹಾಕುವ ಮೊದಲು ಎಲ್ಲ ಸ್ವಿಚ್ಚೂ ತೆಗೆಯುತ್ತಿದ್ದೆ. ಪೆಟ್ಟಿಗೆಯದನ್ನೂ ದಿನವೂ ತೆಗೆಯುತ್ತಿದ್ದೆ, ನೆಲ ಆರಿದ ಮೇಲೆ ಹಾಕುತ್ತಿದ್ದೆ. ಅವರಿಗೆ ಹೇಳಿರಲಿಲ್ಲ.

ಆ ದಿನ ನೆಲ ಆರುವ ಮೊದಲೇ ಜನ ಓಡಿ ಬಂದರು.

ನಿಂಗಯ್ಯ ‘ನೀರು ಬತ್ತೈತೆ’ ಎಂದು ಕಳಿಸಿದ್ದ. ಹೋಯಿತು ಅಂದುಕೊಂಡಿದ್ದ. ಯಜಮಾನರ ಫೋನು ದಂಡೆಯ ಮೇಲೆ ಅಂಗಿಯ ಜೇಬಿನಲ್ಲಿತ್ತು. ಸುದ್ದಿ ಬಂದರೆ ಜೋರಾಗಿ ಕೂಗುವಂತೆ ಇಟ್ಟಿದ್ದರು. ಅದು ಕೂಗಲಿಲ್ಲ.

ಕರೆಂಟು ಹೋಗಿತ್ತು ಎಂದು ಎಲ್ಲರಿಗೂ ನಾನೇ ಹೇಳಿದೆ.

ಯಜಮಾನರ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ವನಜಾ ಪೆಟ್ಟಿಗೆಯ ಮುಂದೆ ಕೂತಳು. “ಯಾವಾಗ ನಿಂತದೆ, ಯಾವಾಗ ಶುರುವಾಯ್ತದೆ, ಎಲ್ಲಾನೂ ಇದು ಬರ್ಕೊಂಡಿರ್ತದೆ ಅತ್ಗೆ.”

ನಾನು ಬಾಗಿಲ ಕಡೆ ನೋಡಿದೆ. ಎಲ್ಲಿಗೆ ಹೋಗಲಿ?

“ಒಂಬತ್ತೂ ಇಪ್ಪತ್ತಕ್ಕೆ ನಿಂತದೆ. ಹಿಂದಿನ ದಿನಾನೂ ಅದೇ ಹೊತ್ಗೆ. ಅದರ ಹಿಂದಿನ ದಿನಾನೂ. ದಿನಾ ಕರೆಂಟು ಹೋಯ್ತಿತ್ತಾ?”

“ಇಲ್ಲ ಕಣವ್ವ. ನಾನೇ ತಗದೆ. ನೆಲ ಒರಸಾಕೆ.”

ಅವಳು ಎದ್ದು ವೈರು ಸುತ್ತತೊಡಗಿದಳು. “ನಿಮ್ಮನೇಲಿ ಇದು ಬ್ಯಾಡ. ನಾನು ತಗೊಂಡೋಯ್ತೀನಿ.”

“ಇಲ್ಲೇ ಬುಡು ವನಜಾ. ಹೊಳೇಲಿ ಇನ್ನೂ ಜನ ಅವ್ರೆ.”

ಅವಳು ವೈರು ಮತ್ತೆ ಸಿಕ್ಕಿಸಿದಳು. ನೀರು ಕೂಡ ಕುಡಿಯದೆ ಮಳವಳ್ಳಿ ಬಸ್ಸು ಹತ್ತಿದಳು.

ನಿಂಗಯ್ಯನಿಗೆ ನಾನು ಇನ್ನೂ ಹೇಳಿಲ್ಲ. ಬೀದಿಯಲ್ಲಿ ಅವನು ಎದುರಾದರೆ ಪಕ್ಕದ ಓಣಿಗೆ ತಿರುಗುತ್ತೇನೆ.

ಬೆಳಿಗ್ಗೆ ಎದ್ದ ತಕ್ಷಣ ಪೆಟ್ಟಿಗೆಯ ಹಸಿರು ದೀಪ ನೋಡುತ್ತೇನೆ. ಪುಟ ತೆರೆದು ‘ಉಪ್ಸಾರು’ ಎಂದು ಒತ್ತುತ್ತೇನೆ. ‘ಬಂತು ಕಣವ್ವ’ ಎಂದು ನಿಂಗಯ್ಯ ಬರೆಯುವವರೆಗೆ ನಿಂತೇ ಇರುತ್ತೇನೆ. ಆಮೇಲೆ ಬಟ್ಟೆ ಹಿಂಡಿ, ಸ್ವಿಚ್ಚು ಮುಟ್ಟದೆ, ಬರಿಗಾಲಲ್ಲಿ ನೆಲ ಒರೆಸುತ್ತೇನೆ.