ಮೀನೆಣ್ಣೆ ಹಚ್ಚಿದ ಓಲೆ

ನಮ್ಮ ಮನೆಯ ಓಲೆಕಟ್ಟು ಎಲ್ಲಿಂದ ಬಂತು ಎಂಬುದರ ಬಗ್ಗೆ ಇಲ್ಲಿಯವರೆಗೆ ಮೂರು ಜನ ಬರೆದಿದ್ದಾರೆ. ಮೂವರದ್ದೂ ಮೂರು ಥರ. ನಮ್ಮ ಮನೆಯದ್ದು ಎಂದು ಮಾತ್ರ ಒಬ್ಬರೂ ಬರೆದಿಲ್ಲ. ಅದರಲ್ಲಿರುವ ಒಂದಕ್ಷರವನ್ನೂ ಓದಲಾಗದವರು ಇವರು. ಯಾವ ಲಿಪಿ ಎಂದು ಗೊತ್ತಿಲ್ಲ, ಯಾವ ಭಾಷೆ ಎಂದು ಗೊತ್ತಿಲ್ಲ, ಎಷ್ಟು ಹಳೆಯದು ಎಂದೂ ಗೊತ್ತಿಲ್ಲ. ಮೀನು ಹಿಡಿಯುವವರದ್ದಲ್ಲ ಎಂಬುದೊಂದು ಮಾತ್ರ ಮೂವರಿಗೂ ಸರಿಯಾಗಿ ಗೊತ್ತು! ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಬೀಜಾಡಿಯ ಕಡಲ ಕರೆಯ, ಎಂದರೆ ದಡದ ಮೇಲಿನ ಮನೆ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು. ಅಮ್ಮ ಮೀನಿನ ಬುಟ್ಟಿ ಹೊತ್ತು ಕೋಟೇಶ್ವರದ ಮನೆಮನೆಗೆ ಹೋಗುತ್ತಿದ್ದಳು. ಓಲೆಕಟ್ಟು ಇದ್ದದ್ದು ಅಟ್ಟದ ಮೇಲೆ, ಬಲೆ ನೂಲಿನ ಉಂಡೆಗಳ ಪಕ್ಕ, ಒಂದು ಮರದ ಪೆಟ್ಟಿಗೆಯಲ್ಲಿ. ಒಂದು ಮೊಳ ಉದ್ದದ ಮೂವತ್ತೆಂಟು ತಾಳೆಯ ಓಲೆಗಳು, ಮೇಲೆ ಕೆಳಗೆ ಎರಡು ಹಲಗೆ, ನಡುವಿನ ತೂತಿನಲ್ಲಿ ಪೋಣಿಸಿದ ದಾರ. ಕೊಕ್ಕೆ ಕೊಕ್ಕೆಯಂಥ ಅಕ್ಷರಗಳು, ಅಲ್ಲಲ್ಲಿ ಮೀನಿನ ಮುಳ್ಳಿನ ಹಾಗೆ ಗೆರೆಗಳು. ತನ್ನ ಅಜ್ಜನ ಅಪ್ಪ ಬರೆದದ್ದು, ಕಡಲಿನ ತಳದಲ್ಲಿ ಎಲ್ಲೆಲ್ಲಿ ಕಲ್ಲಿದೆ ಎಂದು ಗುರುತು ಮಾಡಿಟ್ಟದ್ದು ಎಂದು ಅಪ್ಪಯ್ಯ ಹೇಳುತ್ತಿದ್ದರು. ಅವರಿಗೂ ಓದಲು ಬರುತ್ತಿರಲಿಲ್ಲ, ಹಾಗಾಗಿ ನಿಜವೋ ಸುಳ್ಳೋ ನಾನು ಆಣೆ ಹಾಕಿ ಹೇಳಲಾರೆ.

ಆದರೆ ಒಂದು ವಿಷಯಕ್ಕೆ ಆಣೆ ಹಾಕಬಲ್ಲೆ. ಮಳೆಗಾಲದಲ್ಲಿ ದೋಣಿಯನ್ನು ಕರೆಗೆ ಎಳೆದು ತೆಂಗಿನ ಮಡಲು ಹೊದಿಸಿದ ಮಾಡಿನಡಿ ಇಡುತ್ತಿದ್ದರು. ಮಳೆ ಇಳಿದು ಮತ್ತೆ ಕಡಲಿಗೆ ಇಳಿಸುವ ಮೊದಲು ಅದರ ಮೈಗೆಲ್ಲ ಮೀನೆಣ್ಣೆ ಹಚ್ಚಬೇಕು. ಬೈಗೆ ಮೀನನ್ನು ಹಂಡೆಯಲ್ಲಿ ಬೇಯಿಸಿ ತೆಗೆದ ಎಣ್ಣೆ ಅದು. ಹಚ್ಚಿದರೆ ಮರಕ್ಕೆ ಹುಳ ಬೀಳುವುದಿಲ್ಲ, ಮರ ಉಪ್ಪುನೀರು ಕುಡಿಯುವುದೂ ಇಲ್ಲ. ದೋಣಿಗೆ ಹಚ್ಚಿ ಉಳಿದ ಎಣ್ಣೆಯಲ್ಲಿ ಅಪ್ಪಯ್ಯ ಬಟ್ಟೆ ಚೂರು ಅದ್ದಿ, ಅಂಗಳದಲ್ಲಿ ಚಾಪೆ ಹಾಕಿ ಕುಳಿತು, ಓಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಆಮೇಲೆಯೇ ದೋಣಿ ನೀರಿಗೆ. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ಅಪ್ಪಯ್ಯ ಜ್ವರ ಬಂದು ತೀರಿಕೊಂಡ ಮೇಲೆ ಅಮ್ಮ ಆ ಕೆಲಸ ಬಿಡಲಿಲ್ಲ. ಕಡಲ ಗಾಳಿಯಲ್ಲಿ ಅಷ್ಟು ಕಾಲ ಗೆದ್ದಲು ಮುಟ್ಟದೆ ಓಲೆ ಉಳಿದದ್ದು ಆ ಎಣ್ಣೆಯಿಂದ. ವಾಸನೆ ಮಾತ್ರ ಕೇಳಬೇಡಿ, ಪೆಟ್ಟಿಗೆ ತೆರೆದರೆ ಬಾವಿಕಟ್ಟೆಯವರೆಗೆ ಹೊಡೆಯುತ್ತಿತ್ತು.

ತೊಂಬತ್ತೇಳರಲ್ಲಿ ನಾನು ಕುಂದಾಪುರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚರಿತ್ರೆಯ ಲೆಕ್ಚರರು ಒಂದು ದಿನ, ಯಾರ ಮನೆಯಲ್ಲಾದರೂ ಹಳೆಯ ಓಲೆ ಇದೆಯೇ ಎಂದು ಕೇಳಿದರು. ದೊಡ್ಡ ದೊಡ್ಡ ಮನೆಯ ಮಕ್ಕಳೆಲ್ಲ ಸುಮ್ಮನಿದ್ದರು. ನಾನು ಕೈ ಎತ್ತಿದೆ. ಆ ಒಂದು ಗಳಿಗೆ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಹಳೆ ಲಿಪಿ ಓದಬಲ್ಲವರೆಂದು ಹೆಸರಾದ ಬ್ರಹ್ಮಾವರದ ನಿವೃತ್ತ ಮಾಸ್ತರೊಬ್ಬರನ್ನು ಕರೆದುಕೊಂಡು ಭಾನುವಾರ ಮನೆಗೇ ಬರುತ್ತೇನೆ ಎಂದರು ಲೆಕ್ಚರರು.

ಹೆಮ್ಮೆ ಬಸ್ಸಿಳಿಯುವಷ್ಟರಲ್ಲಿ ಹೆದರಿಕೆಯಾಗಿತ್ತು. ಆ ಮೂರು ವರ್ಷ ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಹೀಗೆ: ಬೆಳಿಗ್ಗೆ ಅಮ್ಮನಿಗೆ ಮೀನು ಆರಿಸಿಕೊಟ್ಟು, ಕಡಲೆಹಿಟ್ಟಿಗೆ ಲಿಂಬೆಹುಳಿ ಹಿಂಡಿ, ಮೊಣಕೈವರೆಗೆ ತಿಕ್ಕಿ ತೊಳೆದು, ಮೇಲೆ ಪೌಡರ್ ಹಚ್ಚಿಕೊಂಡು ಬಸ್ಸು ಹತ್ತುವುದು. ಮೊದಲ ವರ್ಷ ಒಬ್ಬಳು ನನ್ನ ಪಕ್ಕದಿಂದ ಮೂಗಿಗೆ ಕರ್ಚೀಫು ಹಿಡಿದು ಎದ್ದು ಹೋಗಿದ್ದಳು. ಅವಳ ಜಡೆ ಹಿಡಿದು ಎಳೆಯಬೇಕಿತ್ತು. ಎಳೆಯಲಿಲ್ಲ, ಮರುದಿನದಿಂದ ಇನ್ನೂ ಹೆಚ್ಚು ತಿಕ್ಕಿದೆ. ಅಂಥವಳಿಗೆ ಆ ಓಲೆಯನ್ನು ಹಾಗೆಯೇ ಮಾಸ್ತರರ ಮುಂದೆ ಇಡಲು ಮನಸ್ಸು ಬರುತ್ತದೆಯೇ?

ಶನಿವಾರ ಅಮ್ಮ ಮೀನು ಮಾರಲು ಹೋದ ಮೇಲೆ ಪೆಟ್ಟಿಗೆ ಇಳಿಸಿದೆ. ಕಟ್ಟು ಬಿಚ್ಚಿದೆ. ಕೈಗೆ ಮಾಡುತ್ತಿದ್ದ ಮದ್ದನ್ನೇ ಓಲೆಗೂ ಮಾಡಿದೆ. ಕಡಲೆಹಿಟ್ಟು, ಲಿಂಬೆಹುಳಿ, ಉಗುರುಬೆಚ್ಚಗಿನ ನೀರು. ಮೂವತ್ತೆಂಟು ಓಲೆಯ ಎರಡೂ ಬದಿ. ತಲೆತಲಾಂತರದ ಎಣ್ಣೆ ಕಂದು ನೀರಾಗಿ ಬಚ್ಚಲಿಗೆ ಇಳಿಯಿತು. ಕೊರೆದ ಅಕ್ಷರ ಅಳಿಯಲಿಲ್ಲ, ಪುಣ್ಯ. ನೆರಳಿನಲ್ಲಿ ಒಣಗಿಸಿ, ಲೋಬಾನದ ಹೊಗೆ ಹಿಡಿದು, ಪೆಟ್ಟಿಗೆ ಬಿಟ್ಟು ನನ್ನ ಹಳೆಯ ರೇಷ್ಮೆ ಲಂಗದ ತುಂಡಿನಲ್ಲಿ ಸುತ್ತಿಟ್ಟೆ. ಅಮ್ಮ ಬಂದು ನೋಡಿದಳು. ಬುಟ್ಟಿ ತೊಳೆಯಲು ಬಾವಿಕಟ್ಟೆಗೆ ಹೋದಳು. ಅವಳಿಗೆ ಗೊತ್ತಾಗಲಿಲ್ಲ ಎಂದುಕೊಂಡೆ.

ಭಾನುವಾರ ಇಬ್ಬರೂ ಬಂದರು. ಅವರು ನಮ್ಮಂಥವರ ಮನೆಯಲ್ಲಿ ಚಾ ಕುಡಿಯುವವರಲ್ಲ ಎಂದು ಅಮ್ಮ ಮೊದಲೇ ಮರದಿಂದ ಎಳನೀರಿನ ಬೊಂಡ ಇಳಿಸಿಟ್ಟಿದ್ದಳು. ಮಾಸ್ತರರು ಓಲೆಯನ್ನು ಬೆಳಕಿಗೆ ಹಿಡಿದರು, ಭೂತಕನ್ನಡಿಯಲ್ಲಿ ನೋಡಿದರು, ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇದ್ ನಿಮ್ಮಲ್ಲಿಗೆ ಹ್ಯಾಂಗ್ ಬಂತ್?"

"ಬಪ್ಪುದೆಂತ ಮಾಷ್ಟ್ರೆ? ಇದ್ ಇಲ್ಲೇ ಇದ್ದದ್. ನಮ್ಮನಿದೇ," ಎಂದಳು ಅಮ್ಮ.

"ಅದಲ್ಲ. ಮೊದ್ಲ್ ಎಲ್ಲಿತ್ತ್ ಅಂದೇಳಿ ಕೇಂಬುದ್."

"ಮೊದ್ಲೂ ಇಲ್ಲೇ. ಮೀನೆಣ್ಣಿ ಹಚ್ಚಿ ಇಟ್ಕಂಡದ್ ನಾವ್."

ಮೀನೆಣ್ಣೆ ಎಂಬ ಮಾತು ಬಂದದ್ದೇ ನಾನು ಕೈ ಕೈ ಹಿಸುಕಿಕೊಂಡೆ. ಮಾಸ್ತರರು ಲೆಕ್ಚರರ ಮುಖ ನೋಡಿ ನಕ್ಕರು. ಹದಿನೈದು ದಿನದಲ್ಲಿ ಓದಿ ವಾಪಸು ಕೊಡುತ್ತೇವೆ ಎಂದರು. ಅಮ್ಮ ನನ್ನನ್ನು ನೋಡಿದಳು. ಕೊಡು ಎಂದು ನಾನೇ ತಲೆಯಾಡಿಸಿದೆ.

ಹದಿನೈದು ದಿನ ಹೋಗಿ ವರ್ಷವಾಯಿತು. ಓಲೆ ಬರಲಿಲ್ಲ. ಬಂದದ್ದು ಮಾಸ್ತರರ ಲೇಖನ, ಯಾವುದೋ ಸ್ಮರಣ ಸಂಚಿಕೆಯಲ್ಲಿ. ಇದು ಯಾವುದೋ ಮಠದ ಗ್ರಂಥವಂತೆ. ನೆರೆಯಲ್ಲಿ ಹೊಳೆ ಸೇರಿ, ಹೊಳೆಯಿಂದ ಕಡಲು ಸೇರಿ, ಮೀನಿಗೆ ಹೋದವರ ಬಲೆಗೆ ಬಿದ್ದಿರಬೇಕಂತೆ. ಏನು, ಓಲೆಯೇನು ಬಂಗುಡೆಯೇ ಬಲೆಗೆ ಬೀಳಲು? ಹೊಳೆ, ಕಡಲು ಎರಡರಲ್ಲೂ ನೆನೆದ ಓಲೆ ಓಲೆಯಾಗಿ ಉಳಿಯುತ್ತದೆಯೇ ಎಂದು ಕೇಳುವವರು ಒಬ್ಬರೂ ಇರಲಿಲ್ಲವೇ? ಆಮೇಲೆ ನಮ್ಮ ಲೆಕ್ಚರರು ಬರೆದರು. ಅವರ ಪ್ರಕಾರ ಮಲಯಾಳದ ಕಡೆಯ ಹಾಯಿಹಡಗಿನವರು ಕುಡಿಯುವ ನೀರಿಗೆಂದು ಇಳಿದಾಗ ಮರೆತು ಹೋದದ್ದು. ಮೂರನೆಯವರು ಬೈಂದೂರಿನ ಕಡೆಯ ಒಬ್ಬ ಸಾಹುಕಾರರು. ಅವರು ಎಲ್ಲರನ್ನೂ ಮೀರಿಸಿದರು. ಅದು ಅವರ ಮನೆಯದಂತೆ, ಹಿಂದಿನ ಕಾಲದಲ್ಲಿ ಹಿತ್ತಲ ಕೆಲಸಕ್ಕೆ ಬಂದವರು ಯಾರೋ ಎತ್ತಿಕೊಂಡು ಹೋದದ್ದಂತೆ.

ಅದನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ಓದಬಾರದಿತ್ತು. ಅಮ್ಮ ಮೀನು ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟಳು.

"ಕದ್ದದ್ ಅಂಬ್ರಾ? ನಾವ್ ಕಳ್ರ್ ಅಂಬ್ರಾ? ಆ ಮನಿ ಮೆಟ್ಲ್ ಹತ್ತಿದವ್ರಾ ನಾವ್? ಅವ್ರ್ ಬಾಯಿಗ್ ಮಣ್ ಬೀಳ!"

ಆ ದಿನದಿಂದ ಅಮ್ಮನಿಗೆ ಒಂದೇ ಹಟ ಹಿಡಿಯಿತು. ಓಲೆ ವಾಪಸು ಬಾರದಿದ್ದರೂ ಅಡ್ಡಿಯಿಲ್ಲ, ಅದು ನಮ್ಮದು, ಕದ್ದದ್ದಲ್ಲ ಎಂದು ಅವರ ಬಾಯಿಂದಲೇ ಬರಬೇಕು. ವರ್ಷ ವರ್ಷ ದೋಣಿ ಇಳಿಸುವ ಹೊತ್ತಿಗೆ ಓಲೆಗೆ ಹಚ್ಚಲೆಂದು ಬಾಟಲಿಯಲ್ಲಿ ಮೀನೆಣ್ಣೆ ಹಿಡಿದು ಬಸ್ಸು ಹತ್ತಿ ಬ್ರಹ್ಮಾವರಕ್ಕೆ, ಮಾಸ್ತರರ ಮನೆಗೆ ಹೋಗುತ್ತಿದ್ದಳು. ಕಡಲಿಗೆ ಫೈಬರ್ ದೋಣಿಗಳು ಬಂದು, ಎಣ್ಣೆ ಬೇಯಿಸುವವರೇ ಇಲ್ಲವಾದ ಮೇಲೂ ಒಂದಿಷ್ಟು ಬೈಗೆ ತಂದು ತಾನೇ ಬೇಯಿಸುತ್ತಿದ್ದಳು. ಮಾಸ್ತರರು ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡುತ್ತಿದ್ದರು. ಎಣ್ಣೆ ಹಚ್ಚಿದರೆ ಓಲೆ ಹಾಳಾಗುತ್ತದೆ ಎಂದು ಕಳುಹಿಸುತ್ತಿದ್ದರು. ಒಮ್ಮೆ ಅವರ ಮನೆಯವರು ಬಾಟಲಿಯನ್ನು ಗೇಟಿನ ಹೊರಗಿಡಲು ಹೇಳಿದರಂತೆ. ಅಮ್ಮ ಅದನ್ನು ಗೇಟಿನ ಒಳಗೇ ಇಟ್ಟು ಬಂದಳಂತೆ. ನನ್ನ ಅಮ್ಮನಿಗೆ ಅಷ್ಟು ಧೈರ್ಯವಿತ್ತು. ನಾನು ಒಂದು ವರ್ಷವೂ ಅವಳ ಜೊತೆ ಹೋಗಲಿಲ್ಲ. ನನಗೆ ಕೆಲಸ ಸಿಕ್ಕಿತ್ತು, ಹೈಸ್ಕೂಲಿನಲ್ಲಿ ಟೀಚರಾಗಿದ್ದೆ, ಪುರುಸೊತ್ತಿಲ್ಲ ಎನ್ನುತ್ತಿದ್ದೆ.

ಹೀಗೇ ಹನ್ನೆರಡು ವರ್ಷ ಕಳೆಯಿತು. ಒಂದು ದಿನ ಕುಂದಾಪುರದ ಸಭಾಭವನವೊಂದರಲ್ಲಿ ಈ ಓಲೆಯ ಬಗ್ಗೆಯೇ ವಿಚಾರಗೋಷ್ಠಿ ಇಟ್ಟರು. ಓಲೆಯ ಮೂಲದ ಬಗ್ಗೆ ಅಂತಿಮ ಅಭಿಪ್ರಾಯ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ನಮ್ಮ ಶಾಲೆಗೂ ಬಂತು, ಹೆಡ್ ಮಾಸ್ಟರು ನಾಲ್ಕು ಜನ ಟೀಚರುಗಳನ್ನು ಕಳುಹಿಸಿದರು, ಅದರಲ್ಲಿ ನಾನೂ ಒಬ್ಬಳು. ಅಮ್ಮನಿಗೆ ಆಮಂತ್ರಣ ಇರಲಿಲ್ಲ. ಅವಳು ತಾನಾಗಿಯೇ ಬಂದು ಕೊನೆಯ ಸಾಲಿನಲ್ಲಿ ಕುಳಿತಳು, ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು.

ವೇದಿಕೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಓಲೆ. ಮುಂದಿನ ಸಾಲಿನಲ್ಲಿ ಬೈಂದೂರಿನ ಸಾಹುಕಾರರು, ಶಾಲು ಹೊದ್ದು. ಮಾಸ್ತರರಿಗೆ ವಯಸ್ಸಾಗಿತ್ತು, ನಾಲಿಗೆಗೆ ಆಗಿರಲಿಲ್ಲ.

"ಮೂಲ ಯಾವುದು ಎಂದು ನಾವು ನಾವು ಜಗಳಾಡಬಹುದು," ಎಂದರು ಮೈಕಿನಲ್ಲಿ. "ಆದರೆ ಒಂದು ಮಾತಿನಲ್ಲಿ ನಮಗೆಲ್ಲ ಒಮ್ಮತವಿದೆ. ಇದಕ್ಕೆ ತಲೆಮಾರುಗಳಿಂದ ಮೀನೆಣ್ಣೆ ಹಚ್ಚುತ್ತಿದ್ದರು ಎಂದು ಒಂದು ಕಥೆ ಹೇಳುತ್ತಾರೆ. ನಾನು ಕೈಗೆ ತೆಗೆದುಕೊಂಡ ದಿನವೇ ಮೂಸಿ ನೋಡಿದ್ದೆ. ಎಣ್ಣೆಯ ಜಿಡ್ಡಿಲ್ಲ, ಮೀನಿನ ವಾಸನೆಯ ಸುಳಿವಿಲ್ಲ. ಧೂಪದ ಪರಿಮಳ ಇತ್ತು. ರೇಷ್ಮೆಯಲ್ಲಿ ಸುತ್ತಿತ್ತು. ಇಷ್ಟು ಶುಚಿಯಾಗಿ ಇಟ್ಟುಕೊಳ್ಳುವ ಮನೆಯಿಂದಲೇ ಇದು ಕಡಲ ಕರೆಗೆ ಹೋದದ್ದು."

ಸಭೆ ಚಪ್ಪಾಳೆ ತಟ್ಟಿತು. ಅಯ್ಯೋ, ಆ ಧೂಪ ನನ್ನದು. ಆ ರೇಷ್ಮೆ ನನ್ನ ಲಂಗದ್ದು. ಹನ್ನೆರಡು ವರ್ಷದಿಂದ ಇವರು ನಮ್ಮನ್ನು ಕಳ್ಳರೆನ್ನಲು ಹಿಡಿದುಕೊಂಡಿದ್ದ ಸಾಕ್ಷಿ ಅಷ್ಟೂ ನಾನು ಒಂದು ಶನಿವಾರ ನಮ್ಮ ಬಚ್ಚಲಿನಲ್ಲಿ ಕುಳಿತು ತಯಾರಿಸಿಕೊಟ್ಟದ್ದು.

ಹಿಂದಿನಿಂದ ಅಮ್ಮನ ದನಿ ಬಂತು.

"ಹ್ವಾಯ್ ಮಾಷ್ಟ್ರೆ, ತೊಳ್ದ್ರೆ ವಾಸನಿ ಹೋತಿಲ್ಯಾ?"

ಎಲ್ಲರೂ ತಿರುಗಿ ನೋಡಿದರು. ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ತೊಳೆದವರು ಯಾರಮ್ಮಾ?"

"ನನ್ ಮಗ್ಳ್ ಇಲ್ಲೇ ಕೂತ್ಕಂಡಿತ್ತ್. ಟೀಚರ್. ಅದ್ರತ್ರ ಕೇಣಿ, ಅದೇ ಹೇಳತ್ತ್."

ಹಾಗಾದರೆ ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಲೆಕ್ಚರರು ಸಾಲು ಸಾಲು ಹುಡುಕಿ ನನ್ನನ್ನು ಗುರುತು ಹಿಡಿದರು, ಮೈಕು ಹಿಡಿದು ನನ್ನವರೆಗೆ ಬಂದರು. ನನ್ನ ಎರಡೂ ಕಡೆ ಶಾಲೆಯ ಟೀಚರುಗಳು. ಹೇಳಬೇಕಾದದ್ದು ಒಂದೇ ವಾಕ್ಯ. ನಮ್ಮ ಮನೆ ಮೀನು ನಾರುತ್ತಿತ್ತು, ನನಗೆ ನಾಚಿಕೆಯಾಗಿ ನಾನೇ ತೊಳೆದೆ. ಅಷ್ಟೇ. ದಿನಕ್ಕೆ ಐದು ತಾಸು ಪಾಠ ಮಾಡುವವಳು ನಾನು, ಮಾತಿಗೆ ಬರವಿರಲಿಲ್ಲ.

"ನನಗೆ ನೆನಪಿಲ್ಲ ಸರ್," ಎಂದೆ.

ಥೂ ನನ್ನ ಬಾಳಿಗೆ! ಮಾಸ್ತರರನ್ನು, ಸಾಹುಕಾರರನ್ನು, ಕರ್ಚೀಫಿನವಳನ್ನು ಇಷ್ಟು ಹೊತ್ತು ಬೈದೆನಲ್ಲ, ಅದೆಲ್ಲ ಒಂದು ತೂಕ, ಇದೇ ಒಂದು ತೂಕ. ಅವರಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾರೋ ಕಿಸಕ್ಕೆಂದು ನಕ್ಕರು. ಮೈಕು ವಾಪಸು ವೇದಿಕೆಗೆ ಹೋಯಿತು. ಅಮ್ಮ ಇನ್ನೂ ನಿಂತೇ ಇದ್ದಳು, ಕುಳಿತುಕೊಳ್ಳಿ ಎಂದು ಪಕ್ಕದವರು ಹೇಳಿದ ಮೇಲೆ ಸಭೆಯಿಂದ ಹೊರಗೆ ಹೋದಳು.

ನಾನು ಓಡಿ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದೆ. ಬೈಯಲಿ, ನಾಲ್ಕು ಜನರ ಮುಂದೆ ಬೈಯಲಿ ಎಂದೇ ಹೋದದ್ದು. ಅಮ್ಮ ಬೈಯಲಿಲ್ಲ. ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು.

"ತೊಳ್ದದ್ ತಪ್ಪಲ್ಲ ಮಗಾ," ಎಂದಳು. "ನಾನೂ ದಿನಾ ಬಸ್ಸಿಗ್ ಹತ್ತುಕ್ ಮುಂಚೆ ಕೈ ತೊಳ್ಕಂತೆ. ನೀ ಹೇಳ್ತಿ ಅಂದೇಳಿ ಧೈರ್ಯ ಮಾಡಿ ಎದ್ ನಿಂತದ್ ನಾನ್."

ಬಸ್ಸು ಬಂತು. ಅವಳು ಹೆಂಗಸರ ಸೀಟಿನಲ್ಲಿ ಕಿಟಕಿ ಪಕ್ಕ ಕುಳಿತಳು. ಪಕ್ಕದ ಜಾಗ ಖಾಲಿಯಿತ್ತು. ನಾನು ಬೀಜಾಡಿಯವರೆಗೂ ಕಂಬಿ ಹಿಡಿದು ನಿಂತೇ ಹೋದೆ.