ಏಳರಿಂದ ಐವತ್ತಕ್ಕೆ ನಾಲ್ಕೇ ಹೆಜ್ಜೆ

ಹಿರೇನಲ್ಲೂರಿನ ನಮ್ಮಜ್ಜಿ ಹುರುಳಿ ಹಸನು ಮಾಡುತ್ತಾ ಮೊರದಿಂದ ಏಳು ಕಾಳು ತೆಗೆದು ನನ್ನ ಮುಂದಿಡುತ್ತಿದ್ದಳು. ಅದನ್ನು ಆದಷ್ಟು ಕಡಿಮೆ ಹೆಜ್ಜೆಗಳಲ್ಲಿ ಐವತ್ತು ಮಾಡಬೇಕು. ಒಂದು ಹೆಜ್ಜೆಗೆ ಇರುವಷ್ಟೇ ಕಾಳು ಸೇರಿಸಿ ಎರಡರಷ್ಟು ಮಾಡಬಹುದು, ಇಲ್ಲವೇ ಒಂದೇ ಒಂದು ಕಾಳು ತೆಗೆಯಬಹುದು. ಬೇರೇನೂ ಕೂಡದು. ನಾನು ಏನು ಮಾಡಿದರೂ ಆರು ಹೆಜ್ಜೆಗಿಂತ ಕಡಿಮೆಯಾಗುತ್ತಿರಲಿಲ್ಲ.

"ನಂಗೆ ನಾಲ್ಕೇ ಹೆಜ್ಜೆ ಸಾಕು ಕಣೇ."

"ತೋರ್ಸಜ್ಜಿ!"

"ತೋರಿಸ್ಬಿಟ್ರೆ ನಾಳೆ ನೀನ್ಯಾಕೆ ಬತ್ತೀಯ ನನ್ನ ಹತ್ರ?"

ತೋರಿಸದೆಯೇ ಹೋಗಿಬಿಟ್ಟಳು.

ಈಗ ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೋದ ವಾರ ಅಜ್ಜಿಯ ನಾಲ್ಕು ಹೆಜ್ಜೆಯ ಕಥೆ ಹೇಳಿ, ಆ ಲೆಕ್ಕಕ್ಕೇ ವಿದ್ಯಾರ್ಥಿಗಳಿಂದ ಕೋಡ್ ಬರೆಸಿದೆ. ಏಳರಿಂದ ಒಂದು ಹೆಜ್ಜೆಗೆ ಸಿಗುವ ಸಂಖ್ಯೆಗಳೆಲ್ಲ ಮೊದಲು ಸಾಲಿನಲ್ಲಿ ನಿಲ್ಲಬೇಕು. ಅವು ಮುಗಿದ ಮೇಲೆ ಎರಡು ಹೆಜ್ಜೆಯವು, ಆಮೇಲೆ ಮೂರರವು. ಒಮ್ಮೆ ಬಂದದ್ದಕ್ಕೆ ಮತ್ತೆ ಜಾಗವಿಲ್ಲ. ಹೀಗೆ ಹೋದರೆ ಐವತ್ತು ಮೊದಲು ಕಂಡದ್ದೇ ಅತಿ ಹತ್ತಿರದ ದಾರಿ. ಅದಕ್ಕಿಂತ ಹತ್ತಿರದ್ದು ಇರಲು ಸಾಧ್ಯವೇ ಇಲ್ಲ.

ಪರದೆಯ ಮೇಲೆ ಐದು ಹೆಜ್ಜೆ ಎಂದು ಬಂತು. ಏಳು, ಹದಿನಾಲ್ಕು, ಹದಿಮೂರು, ಇಪ್ಪತ್ತಾರು, ಇಪ್ಪತ್ತೈದು, ಐವತ್ತು.

"ನಾಲ್ಕಿಲ್ಲ ಮೇಡಂ. ನಿಮ್ಮಜ್ಜಿ ರೀಲು ಬಿಟ್ಟಿದ್ದಾರೆ!" ಎಂದಳು ಮುಂದಿನ ಬೆಂಚಿನವಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇಷ್ಟು ವರ್ಷ ಆ ನಾಲ್ಕನ್ನು ನಂಬಿಕೊಂಡು ಬಂದವಳು ನಾನು. ಅಜ್ಜಿ ನನಗೆ ಸುಳ್ಳು ಹೇಳಿದ್ದಳೇ?

ಸಂಜೆ ಅಜ್ಜಂಪುರದ ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಲೇ, ಹೆಜ್ಜೆ ಹೆಂಗೆ ಎಣಿಸ್ದೆ?"

"ಒಂದು, ಎರಡು, ಮೂರು..."

"ಅಲ್ಲೇ ಎಡವಿದ್ದು ಕಣೇ, ಮೇಷ್ಟ್ರಮ್ಮ! ಕಣದಲ್ಲಿ ರಾಶಿ ಅಳೆಯೋವಾಗ ಎಲ್ರೂ 'ಲಾಭ, ಎರಡು, ಮೂರು' ಅಂತಿದ್ರು. ಒಂದು ಅನ್ನೋ ಬದ್ಲು ಲಾಭ. ನಮ್ಮವ್ವ ಮಾತ್ರ ಲಾಭ ಅಂದಾದ್ಮೇಲೆ ಒಂದರಿಂದ ಶುರು ಮಾಡೋಳು. ಮೊದಲ್ನೇದು ದೇವ್ರದು, ಲೆಕ್ಕಕ್ಕೆ ಹಿಡೀಬಾರ್ದು ಅನ್ನೋಳು. ಅಪ್ಪ ಎಷ್ಟು ಬೈದ್ರೂ ಬಿಡ್ಲಿಲ್ಲ."

ಫೋನಿಟ್ಟು ಡಬ್ಬಿಯಿಂದ ಹುರುಳಿ ತಂದು ನೆಲದ ಮೇಲೆ ಏಳು ಕಾಳು ಇಟ್ಟೆ. ಹದಿನಾಲ್ಕು ಮಾಡಿ ಲಾಭ ಎಂದೆ. ಒಂದು ಕಾಳು ತೆಗೆದು, ಒಂದು. ಎರಡು. ಮೂರು. ಐವತ್ತಾಗುವಾಗ ನಾಲ್ಕು.

ಮೊದಲೆಲ್ಲ ನನ್ನ ಆಟ ಮುಗಿದೊಡನೆ ಅಜ್ಜಿ ಕಾಳನ್ನೆಲ್ಲ ಒಂದೇ ಸಲಕ್ಕೆ ಬಾಚಿ ಮೊರಕ್ಕೆ ಹಾಕಿಕೊಂಡು, "ನಾಳೆ ಬಾ" ಎನ್ನುತ್ತಿದ್ದಳು. ಈಗ ಐವತ್ತು ಕಾಳು ಬಹಳ ಹೊತ್ತು ಹಾಗೇ ಬಿದ್ದಿದ್ದವು. ನನಗೆ ಬಾಚಲು ಮನಸ್ಸಾಗಲಿಲ್ಲ.